ಧ್ವನಿಸುರುಳಿಯೂ ಒಂದು ಪಠ್ಯ: ‘ನಿತ್ಯೋತ್ಸವ’ದ ಕೇಳುಗರನ್ನು ಕುರಿತು

ಕನ್ನಡ ಕಾವ್ಯವನ್ನು ಕುರಿತ ನಮ್ಮ ಚರ್ಚೆಗಳು ಬಹುಮಟ್ಟಿಗೆ ಅಚ್ಚಾದ ಪುಸ್ತಕವನ್ನು ಎದುರಿಗಿಟ್ಟುಕೊಂಡೇ ನಡೆಯುತ್ತವೆ. ಕವಿ ಬರೆಯುತ್ತಾನೆ, ಪುಸ್ತಕ ಅಚ್ಚಾಗುತ್ತದೆ, ಓದುಗ ಓದುತ್ತಾನೆ ಎಂಬ ಸರಳ ಸರಣಿಯೊಂದನ್ನು ನಾವು ಪ್ರಶ್ನಿಸದೆ ಒಪ್ಪಿಕೊಂಡಿದ್ದೇವೆ. ಕೆ.ಎಸ್. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ದ ಮಟ್ಟಿಗೆ ಈ ಸರಣಿ ಹೊಂದುವುದಿಲ್ಲ. ಆ ಹೆಸರಿನ ಸಂಕಲನ ಪ್ರಕಟವಾದದ್ದು 1976ರಲ್ಲಿ. ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ಅದೇ ಹೆಸರಿನ ಧ್ವನಿಸುರುಳಿ ಹೊರಬಂದದ್ದು 1978ರಲ್ಲಿ. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂಬ ಮನ್ನಣೆ ಅದಕ್ಕಿದೆ. ಈ ಎರಡು ವರ್ಷಗಳ ಅಂತರದಲ್ಲಿ ಕವಿತೆಯನ್ನು ಓದಿದವರು ಎಷ್ಟು ಮಂದಿ, ಆ ನಂತರ ಕೇಳಿದವರು ಎಷ್ಟು ಮಂದಿ ಎಂಬ ಲೆಕ್ಕ ಯಾರಲ್ಲಿಯೂ ಇರಲಾರದು. ಆದರೆ ಪ್ರತಿವರ್ಷ ಎಂ.ಎ. ತರಗತಿಗೆ ಬರುವ ವಿದ್ಯಾರ್ಥಿಗಳನ್ನು ಕೇಳಿದರೆ ಉತ್ತರ ಸಿಕ್ಕಿಬಿಡುತ್ತದೆ. ಹಾಡು ಬಾರದವರಿಲ್ಲ, ಕವಿತೆಯನ್ನು ಪುಸ್ತಕದಲ್ಲಿ ಕಂಡವರು ಒಬ್ಬಿಬ್ಬರು.

ಇದನ್ನು ಓದಿನ ಬಡತನವೆಂದು ಹಳಿಯುವುದು ಅಧ್ಯಾಪಕರಾದ ನಮಗೆ ಸುಲಭ. ನನ್ನ ಅಭಿಪ್ರಾಯ ಬೇರೆ. ಈ ವಿದ್ಯಾರ್ಥಿಗಳು ಕವಿತೆಯನ್ನು ಓದಿಲ್ಲ ನಿಜ, ಆದರೆ ಅದರ ಮತ್ತೊಂದು ಪಠ್ಯವನ್ನು ನೂರಾರು ಸಲ ಕೇಳಿದ್ದಾರೆ. ನಾವು ಆ ಪಠ್ಯವನ್ನು ಪಠ್ಯವೆಂದು ಎಣಿಸಿಲ್ಲ ಎಂಬುದಷ್ಟೇ ಇಲ್ಲಿರುವ ಕೊರತೆ.

ಶಂಕರಘಟ್ಟದಲ್ಲಿ ಕುಳಿತು ಈ ಮಾತನ್ನು ಬರೆಯುವುದಕ್ಕೆ ಕಾರಣವಿದೆ. ಈ ಹಾಡಿನ ಭೂಪಟ ನಮ್ಮ ಕಿಟಕಿಯ ಆಚೆಗಿದೆ. ಜೋಗ, ತುಂಗೆ, ಸಹ್ಯಾದ್ರಿ, ಲೋಹದ ಅದಿರು, ತೇಗ ಗಂಧದ ಕಾಡು: ಮೊದಲ ಚರಣದ ವಿವರಗಳೆಲ್ಲ ಮಲೆನಾಡಿನವು. ದೇವನಹಳ್ಳಿಯಲ್ಲಿ ಹುಟ್ಟಿದ ಕವಿ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನದ ಅಧ್ಯಾಪಕರಾಗಿದ್ದರು. ‘ಅದಿರು’ ಎಂಬ ಮಾತು ನಾಡಗೀತೆಗಳ ಪರಂಪರೆಯಲ್ಲಿ ಬರುವ ಮಾತಲ್ಲ. ಅದು ಬಂಡೆಯನ್ನು ಸುತ್ತಿಗೆಯಿಂದ ಒಡೆದು ನೋಡಿದವನ ಮಾತು. ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕುಲುಮೆಗೆ ದೀರ್ಘಕಾಲ ಇಳಿದು ಬರುತ್ತಿದ್ದ ಸೀಮೆಯಿದು. ‘ನಿತ್ಯಹರಿದ್ವರ್ಣ’ ಎಂಬುದೂ ಅಷ್ಟೆ. ಭೂಗೋಳದ ಪಾಠದಲ್ಲಿ ಬಾಯಿಪಾಠ ಮಾಡಬೇಕಾದ ಪಾರಿಭಾಷಿಕ ಪದವೊಂದು ಶಾಲೆಯ ಮೆಟ್ಟಿಲನ್ನೇ ಹತ್ತದವರ ನಾಲಿಗೆಯ ಮೇಲೂ ನಲಿಯುವಂತಾದದ್ದು ರಾಗದ ಬಲದಿಂದ. ಯಾವ ಪರಿಭಾಷಾ ಕೋಶವೂ ಇಂಥ ಕೆಲಸ ಮಾಡಿದ್ದನ್ನು ನಾನು ಕಾಣೆ.

ಆದರೆ ಕೇಳ್ಮೆ ಪಠ್ಯವನ್ನು ಸಾಗಿಸುವಾಗ ಸ್ವಲ್ಪ ಕಲಕಿಯೂ ಬಿಡುತ್ತದೆ. ಹಾಡಿನ ಓಟದಲ್ಲಿ ‘ಲೋಹ’ ಮತ್ತು ‘ಅದಿರು’ ಬೆಸೆದುಕೊಂಡು ಪದದ ಗಡಿ ಅಳಿಸಿಹೋಗುತ್ತದೆ. ವಿದ್ಯಾರ್ಥಿಗಳಿಗೆ ನೆನಪಿನಿಂದ ಬರೆಯಲು ಹೇಳಿದಾಗ ಅರ್ಥವಿಲ್ಲದ ಅಕ್ಷರಪುಂಜಗಳನ್ನು ಬರೆದವರಿದ್ದಾರೆ. ‘ಅದಿರು’ ಎಂದರೆ ನಡುಗು ಎಂದು ತಿಳಿದು ಬೆಟ್ಟವೇ ನಡುಗುವ ಚಿತ್ರವನ್ನು ಕಲ್ಪಿಸಿಕೊಂಡವರೂ ಇದ್ದಾರೆ. ಲಿಪಿಕಾರನ ಕೈತಪ್ಪನ್ನು ಗುರುತಿಸಿ, ಅದರಿಂದ ಪ್ರತಿಗಳ ವಂಶವೃಕ್ಷವನ್ನು ಕಟ್ಟುವ ವಿದ್ಯೆಯನ್ನು ಗ್ರಂಥಸಂಪಾದನೆಯ ಹೆಸರಿನಲ್ಲಿ ನಾವೇ ಬೋಧಿಸುತ್ತೇವೆ. ಕಿವಿಯ ತಪ್ಪಿಗೆ ಅಂಥದೊಂದು ಶಾಸ್ತ್ರ ನಮ್ಮಲ್ಲಿ ಇಲ್ಲ.

ಧ್ವನಿಮುದ್ರಣವು ಕವಿತೆಯನ್ನು ತಲುಪಿಸುವ ಬರಿಯ ವಾಹನವಲ್ಲ, ಅದು ಅರ್ಥವನ್ನೇ ಹೊಸದಾಗಿ ಕಟ್ಟಬಲ್ಲದು ಎಂಬುದಕ್ಕೆ ಹೊರಗಿನ ನಿದರ್ಶನವೊಂದನ್ನು ನೋಡಬಹುದು. ಅಮೆರಿಕದ ಕಪ್ಪು ಜನರ ಚರ್ಚಿನ ಭಜನೆಗಳಿಂದ ಜೀವ ಪಡೆದು ಬೆಳೆದ ‘ಸೋಲ್’ ಸಂಗೀತದಲ್ಲಿ ‘ರೆಸ್ಪೆಕ್ಟ್’ ಎಂಬ ಹಾಡಿದೆ. ಓಟಿಸ್ ರೆಡ್ಡಿಂಗ್ ಅದನ್ನು ಬರೆದು 1965ರಲ್ಲಿ ಹಾಡಿದಾಗ ಅದು ದುಡಿದು ಮನೆಗೆ ಬರುವ ಗಂಡಸು ಹೆಣ್ಣಿನಿಂದ ಬಯಸುವ ಮರ್ಯಾದೆಯ ಹಾಡಾಗಿತ್ತು. ಎರಡೇ ವರ್ಷಗಳ ಬಳಿಕ, 1967ರಲ್ಲಿ, ಅರೀಥಾ ಫ್ರ್ಯಾಂಕ್ಲಿನ್ ಅದನ್ನು ತಮ್ಮದಾಗಿಸಿಕೊಂಡು ಹಾಡಿದರು. ಕೆಲವು ಮಾತುಗಳು ಬದಲಾದವು, ಹಿಮ್ಮೇಳ ಬದಲಾಯಿತು, ಎಲ್ಲಕ್ಕಿಂತ ಮಿಗಿಲಾಗಿ ಕೇಳುವ ದನಿ ಹೆಣ್ಣಿನದಾಯಿತು. ಹೆಣ್ಣುಮಕ್ಕಳೂ ನಾಗರಿಕ ಹಕ್ಕುಗಳಿಗಾಗಿ ಬೀದಿಗಿಳಿದ ಕಪ್ಪು ಜನರೂ ಅದನ್ನು ತಮ್ಮ ಬೇಡಿಕೆಯ ಹಾಡೆಂದು ಎತ್ತಿಕೊಂಡರು. ಅಚ್ಚಿನ ಸಾಹಿತ್ಯವನ್ನಷ್ಟೆ ನೋಡುವ ವಿಮರ್ಶಕನಿಗೆ ಈ ಎರಡರ ನಡುವಿನ ಅಂತರ ಪೂರ್ತಿ ಕಾಣಿಸಲಾರದು. ಆ ದೇಶದ ಲೈಬ್ರರಿ ಆಫ್ ಕಾಂಗ್ರೆಸ್ 2002ರಲ್ಲಿ ರಾಷ್ಟ್ರೀಯ ಧ್ವನಿಮುದ್ರಣಗಳ ದಾಖಲೆಪಟ್ಟಿಯನ್ನು ಆರಂಭಿಸಿದಾಗ ಮೊದಲ ವರ್ಷವೇ ಅರೀಥಾ ಅವರ ಮುದ್ರಣವನ್ನು ಸೇರಿಸಿಕೊಂಡಿತು. ಅಲ್ಲಿ ಕಾಪಿಡಲಾದದ್ದು ಹಾಡಿನ ಸಾಹಿತ್ಯವನ್ನಲ್ಲ, ಒಂದು ಗೊತ್ತಾದ ದಿನ ಒಂದು ಕೊಠಡಿಯಲ್ಲಿ ಹೊಮ್ಮಿದ ದನಿಯನ್ನು.

ನಮ್ಮಲ್ಲಿ ಇಂಥ ಯೋಚನೆ ಬೆಳೆಯದಿರುವುದಕ್ಕೆ ವಿಮರ್ಶೆಯ ಚರಿತ್ರೆಯೂ ಕಾರಣ. ನವೋದಯದ ಕವಿತೆಗಳನ್ನು ಪಿ. ಕಾಳಿಂಗರಾಯರಂಥವರು ಹಾಡಿ ಜನಮನಕ್ಕೆ ಮುಟ್ಟಿಸಿದರು. ನವ್ಯವು ಗೇಯತೆಯನ್ನೇ ಅನುಮಾನಿಸಿತು. ಕವಿತೆ ಓದಿಗೆ ಒಡ್ಡಿಕೊಳ್ಳಬೇಕು, ಕಿವಿಗೆ ಇಂಪಾದದ್ದು ಬುದ್ಧಿಯನ್ನು ಮಲಗಿಸುತ್ತದೆ ಎಂಬ ಧೋರಣೆ ತರಗತಿಗಳಲ್ಲಿ ಗಟ್ಟಿಯಾಗಿ ನೆಲೆಯೂರಿತು. ‘ಮನಸು ಗಾಂಧಿಬಜಾರು’ ಸಂಕಲನದೊಂದಿಗೆ 1960ರಲ್ಲಿ ಕಾವ್ಯಕ್ಷೇತ್ರಕ್ಕೆ ಬಂದ ನಿಸಾರ್ ಅವರು ಇದೇ ವಾತಾವರಣದಲ್ಲಿ ಬೆಳೆದವರು. ಅವರ ಜನಪ್ರಿಯತೆ ಹೆಚ್ಚಿದಷ್ಟೂ ಗಂಭೀರ ವಿಮರ್ಶೆ ಅವರಿಂದ ದೂರ ಸರಿಯಿತು ಎಂಬುದು ನನ್ನ ಗ್ರಹಿಕೆ. ಇದು ಅನ್ಯಾಯವೆನ್ನುವುದಕ್ಕಿಂತ ಸೋಮಾರಿತನವೆನ್ನಬೇಕು. ಕ್ಯಾಸೆಟ್ಟಿನಲ್ಲಿ ಕೇಳಿಸಿದ್ದಕ್ಕೆ ಟಿಪ್ಪಣಿ ಬರೆಯುವುದು ಹೇಗೆಂದು ನಮಗೆ ತಿಳಿಯಲಿಲ್ಲ, ಆದ್ದರಿಂದ ಅದನ್ನು ‘ಸುಗಮ’ ಎಂದು ಕರೆದು ಸುಮ್ಮನಾದೆವು.

ಹಾಗೆಂದು ಈ ಮುದ್ರಣದ ಪ್ರಭಾವವೆಲ್ಲ ಒಳಿತೇ ಆಯಿತೆಂದು ನಾನು ಹೇಳಲಾರೆ. ಕವಿತೆಗೆ ಮೂರು ಚರಣಗಳಿವೆ. ಮೊದಲನೆಯದು ನಿಸರ್ಗವನ್ನು, ಎರಡನೆಯದು ಶಾಸನ, ಓಲೆಗರಿ, ದೇಗುಲಗಳ ಚರಿತ್ರೆಯನ್ನು ನೆನೆಯುತ್ತದೆ. ಮೂರನೆಯದು ಬೇರೆಯೇ ದನಿಯದು. ಕುಲದ ಎಣಿಕೆಯಿಲ್ಲದ, ಮತ್ಸರವಿಲ್ಲದ ಉದಾರ ಮನಸ್ಸೇ ಈ ತಾಯಿಯ ಮಹಿಮೆ ಎಂದು ಅದು ಸಾರುತ್ತದೆ. ನನ್ನ ಓದಿನಲ್ಲಿ ಇದು ವರ್ಣನೆಯಲ್ಲ, ಕರಾರು. ನಿಸರ್ಗ ಮತ್ತು ಚರಿತ್ರೆ ತಾವಾಗಿ ಉತ್ಸವವಾಗುವುದಿಲ್ಲ, ಅಲ್ಲಿರುವ ಜನ ಹೀಗಿದ್ದರೆ ಮಾತ್ರ ಉತ್ಸವ ನಿತ್ಯವಾದೀತು ಎಂಬ ಕರಾರು. ‘ನಿಮ್ಮೊಡನಿದ್ದೂ ನಿಮ್ಮಂತಾಗದೆ’ ಎಂಬ ಕವಿತೆಯಲ್ಲಿ ಜೊತೆಗಿದ್ದೂ ಪರಕೀಯನಾಗುವ ಸಂಕಟವನ್ನು ಬರೆದ ಕವಿಯೇ ಇದನ್ನೂ ಬರೆದಿದ್ದಾರೆ. 1972ರ ಸಂಕಲನವೊಂದಕ್ಕೆ ‘ನಾನೆಂಬ ಪರಕೀಯ’ ಎಂಬ ಹೆಸರನ್ನೇ ಇಟ್ಟವರು ಅವರು. ಈ ಹಿನ್ನೆಲೆಯಲ್ಲಿ ಮೂರನೆಯ ಚರಣದ ಉದಾರತೆ ಸುಲಭವಾಗಿ ಒದಗಿದ್ದಲ್ಲ. ರಾಜ್ಯೋತ್ಸವದ ವೇದಿಕೆಗಳಲ್ಲಿ ಸಮಯ ಸಾಲದಾದಾಗ ಮೊದಲು ಕತ್ತರಿ ಬೀಳುವುದು ಮಾತ್ರ ಇದೇ ಚರಣಕ್ಕೆ. ಜೋಗ ಉಳಿಯುತ್ತದೆ, ಕರಾರು ಬಿಟ್ಟುಹೋಗುತ್ತದೆ. ಪಲ್ಲವಿಯ ಮಾಧುರ್ಯವೇ ಈ ಮರೆವಿಗೆ ಅನುಕೂಲ ಮಾಡಿಕೊಟ್ಟಿದೆಯೇ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಬೇಕು.

ಜೋಗದ ವಿಷಯದಲ್ಲಿಯೂ ಕೇಳುಗರೆಲ್ಲ ಒಂದೇ ಹಾಡನ್ನು ಕೇಳುವುದಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಸಂಕಲನ ಬರುವ ಹೊತ್ತಿಗೆ ಶರಾವತಿಯ ಮುಳುಗಡೆಗೆ ಒಂದು ದಶಕ ಸಂದಿತ್ತು. ಊರು ತೋಟಗಳನ್ನು ಬಿಟ್ಟು ಬಂದವರು ಇದೇ ಜಿಲ್ಲೆಯ ಕಾಡಂಚಿನಲ್ಲಿ ನೆಲೆಗೊಂಡರು; ಅವರ ಭೂಮಿಯ ಹಕ್ಕಿನ ಪ್ರಶ್ನೆ ದಶಕಗಳ ಕಾಲ ಬಗೆಹರಿಯದೆ ಉಳಿಯಿತು. ಅಂಥ ಕುಟುಂಬದಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಒಮ್ಮೆ ತರಗತಿಯಲ್ಲಿ, “ಸರ್, ರೇಡಿಯೋದಲ್ಲಿ ಈ ಹಾಡು ಬಂದರೆ ನಮ್ಮಜ್ಜ ಆರಿಸ್ತಿರಲಿಲ್ಲ. ಸುಮ್ಮನೆ ಎದ್ದು ಅಂಗಳಕ್ಕೆ ಹೋಗಿ ನಿಲ್ತಿದ್ದರು. ಮುಗಿದ ಮೇಲೆ ಒಳಗೆ ಬರ್ತಿದ್ದರು” ಎಂದಳು. ಆರಿಸದೆ ಇದ್ದದ್ದು ಏಕೆ, ಒಳಗೆ ಕುಳಿತಿರದೆ ಹೋದದ್ದು ಏಕೆ ಎಂದು ಅವಳಿಗೂ ತಿಳಿದಿರಲಿಲ್ಲ. ಈ ಕವಿತೆಯನ್ನು ಕುರಿತು ನಾನು ಓದಿದ ಯಾವ ಲೇಖನಕ್ಕಿಂತಲೂ ಆ ಅಜ್ಜನ ನಡೆ ನನ್ನನ್ನು ಹೆಚ್ಚು ಕಾಡಿದೆ. ಭದ್ರಾವತಿಯಲ್ಲಿಯೂ ಅಷ್ಟೆ. ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದು ಕಾರ್ಮಿಕರು ಧರಣಿ ಕುಳಿತಾಗ, ಸಹ್ಯಾದ್ರಿಯ ಅದಿರನ್ನು ಹೊಗಳುವ ಹಾಡು ಅವರ ಕಿವಿಗೆ ಹೇಗೆ ಕೇಳಿಸಿರಬಹುದು? ಕೇಳುಗರ ಅನುಭವವನ್ನು ಸಂಗ್ರಹಿಸುವ ಕ್ಷೇತ್ರಕಾರ್ಯಕ್ಕೆ ಇಂಥ ಪ್ರಶ್ನೆಗಳು ತಕ್ಕವು. ಲಾವಣಿ, ಕಥನಗೀತೆಗಳಿಗಾಗಿ ಹಳ್ಳಿ ಹಳ್ಳಿ ಸುತ್ತಿದ ನಮ್ಮ ಜಾನಪದ ಸಂಶೋಧಕರಿಗೆ ಈ ಕೆಲಸ ಹೊಸದಾಗಲಾರದು.

ರಾಗವೂ ಪಠ್ಯದ ಭಾಗವೇ ಎಂಬುದನ್ನು ವಿಶ್ವವಿದ್ಯಾಲಯಗಳಿಗಿಂತ ಮೊದಲು ಸರ್ಕಾರ ಒಪ್ಪಿಕೊಂಡಿತು ಎಂಬುದು ತಮಾಷೆಯಾದರೂ ಸತ್ಯ. ಕುವೆಂಪು ಅವರ ನಾಡಗೀತೆಯನ್ನು ಯಾವ ಧಾಟಿಯಲ್ಲಿ ಹಾಡಬೇಕೆಂಬ ಬಹುಕಾಲದ ವಿವಾದಕ್ಕೆ 2022ರ ಸೆಪ್ಟೆಂಬರಿನಲ್ಲಿ ಹೊರಟ ಆದೇಶ ತೆರೆ ಎಳೆಯಲು ನೋಡಿತು. ಅನಂತಸ್ವಾಮಿಯವರ ಧಾಟಿ, ಎರಡು ನಿಮಿಷ ಮೂವತ್ತು ಸೆಕೆಂಡು, ಆಲಾಪನೆ ಮತ್ತು ಪುನರಾವರ್ತನೆ ಕೂಡದು. ಪಾಠನಿರ್ಣಯವೆಂದರೆ ಇದೇ ಅಲ್ಲವೇ? ಪಾಠಾಂತರಗಳನ್ನು ಒಂದೆಡೆ ಇಟ್ಟು ತೂಗಿ ನೋಡುವ ಕೆಲಸ ಮಾತ್ರ ನಡೆಯಲಿಲ್ಲ; ಅದು ನಮ್ಮಿಂದ ಆಗಬೇಕಿತ್ತು. ಶಿಶುನಾಳ ಶರೀಫರ ತತ್ವಪದಗಳ ವಿಷಯದಲ್ಲಿ ತಡವಾದದ್ದರ ಫಲ ಇನ್ನೂ ಕಟುವಾದುದು. ಶಿವಮೊಗ್ಗ ಸುಬ್ಬಣ್ಣ, ಸಿ. ಅಶ್ವತ್ಥ್ ಅವರ ಕಂಠಗಳು ಶರೀಫರನ್ನು ನಾಡಿನ ಉದ್ದಗಲಕ್ಕೆ ಒಯ್ದವು, ಸಂದೇಹವಿಲ್ಲ. ಆದರೆ ಇಂದು ಭಜನಾ ಮೇಳಗಳಲ್ಲಿಯೂ ಕ್ಯಾಸೆಟ್ಟಿನ ಧಾಟಿಯೇ ಕೇಳಿಬರುತ್ತದೆ. ಅದಕ್ಕೆ ಹಿಂದೆ ಏಕತಾರಿಯ ಮೇಲೆ ಹಾಡುತ್ತಿದ್ದ ಧಾಟಿಗಳಲ್ಲಿ ಎಷ್ಟು ಉಳಿದಿವೆ ಎಂದು ಕೇಳಲು ನಾವು ಹೊರಡುವ ಹೊತ್ತಿಗೆ ಹೇಳುವವರು ವಿರಳವಾಗಿದ್ದಾರೆ.

ಈಗ ಧ್ವನಿಸುರುಳಿಯ ಸರದಿ. ಸಾಮಾನ್ಯ ಕ್ಯಾಸೆಟ್ಟಿನ ಪಟ್ಟಿಯೆಂದರೆ ತೆಳುವಾದ ಪಾಲಿಯೆಸ್ಟರ್ ಹಾಳೆಗೆ ಅಂಟಿನೊಡನೆ ಲೇಪಿಸಿದ ಕಬ್ಬಿಣದ ಆಕ್ಸೈಡು. (ಅದಿರನ್ನು ಹಾಡಿದ ಕವಿತೆ ಅದಿರಿನ ಬಂಧುವಿನ ಮೇಲೆಯೇ ಅಚ್ಚೊತ್ತಿ ಬಂದದ್ದನ್ನು ಭೂವಿಜ್ಞಾನಿ ಕವಿ ಗಮನಿಸಿರದೆ ಇರಲಾರರು.) ಗಾಳಿಯ ತೇವ ಆ ಅಂಟನ್ನು ಸಡಿಲಿಸುತ್ತದೆ, ಬೂಷ್ಟು ಹಿಡಿಯುತ್ತದೆ, ಪಟ್ಟಿ ಹಿಗ್ಗಿ ದನಿ ಅಲುಗುತ್ತದೆ. ಮಲೆನಾಡಿನ ಒಂದೊಂದು ಮಳೆಗಾಲವೂ ಅದಕ್ಕೆ ಗಂಡಾಂತರವೇ. ನಾನು ಹಿಂದೆ ಕೆಲಸ ಮಾಡಿದ ಕಾಲೇಜೊಂದರಲ್ಲಿ ಗ್ರಂಥಾಲಯದ ಪುಸ್ತಕಗಳನ್ನು ವಿಲೇವಾರಿ ಮಾಡುವಾಗ ಸಮಿತಿ ಕೂಡಿ, ಪಟ್ಟಿ ಮಾಡಿ, ಸಹಿ ಹಾಕಿತು. ಎರಡು ರಟ್ಟಿನ ಪೆಟ್ಟಿಗೆಗಳ ತುಂಬ ಇದ್ದ ಕ್ಯಾಸೆಟ್ಟುಗಳು ಪರಿಗ್ರಹಣ ಸಂಖ್ಯೆಯೇ ಇಲ್ಲದ ಕಾರಣ ಯಾವ ಪಟ್ಟಿಗೂ ಬಾರದೆ ಗುಜರಿಗೆ ಹೋದವು. ಅವುಗಳಲ್ಲಿ ಏನಿತ್ತೆಂದು ನೋಡದೆ ಸುಮ್ಮನಿದ್ದವರಲ್ಲಿ ನಾನೂ ಒಬ್ಬ.

ಈ ಜಿಲ್ಲೆಯ ತಾಳಗುಂದದ ಕಂಬವನ್ನು, ಬಳ್ಳಿಗಾವೆಯ ಕಲ್ಲುಗಳನ್ನು ಓದಿ ಪ್ರಕಟಿಸಿದ ಪರಂಪರೆಗೆ ನಾವು ಸೇರಿದವರು. ಓಲೆಗರಿಗೆ ಎಣ್ಣೆ ಸವರಿ ಕಾಪಾಡುವುದನ್ನು ಕಲಿತಿದ್ದೇವೆ. ಕವಿತೆಯ ಎರಡನೆಯ ಚರಣ ಉತ್ಸವವೆಂದು ಎಣಿಸುವುದು ಈ ಆಕರಗಳನ್ನೇ. ಆಕರ ಎಂಬ ಪಟ್ಟಿಗೆ ಧ್ವನಿಸುರುಳಿಯನ್ನು ಸೇರಿಸಲು ದೊಡ್ಡ ಯೋಜನೆಯೇನೂ ಬೇಕಿಲ್ಲ. ಒಂದು ಕವಿತೆಯನ್ನು ಎತ್ತಿಕೊಂಡು ಅದರ ಮುದ್ರಣಗಳನ್ನೆಲ್ಲ ಕಲೆಹಾಕುವುದು. ಹಾಡಿದವರು, ವರ್ಷ, ಹಾಡಿದ ಮತ್ತು ಬಿಟ್ಟ ಚರಣಗಳು, ಪಲ್ಲವಿ ಮರಳುವ ಜಾಗ, ಅಚ್ಚಿನ ಪಾಠದಿಂದ ಬೇರೆಯಾದ ಪದಗಳು, ಇವನ್ನು ಗುರುತಿಸುವುದು. ಒಬ್ಬ ಎಂ.ಫಿಲ್. ವಿದ್ಯಾರ್ಥಿ ಒಂದು ವರ್ಷದಲ್ಲಿ ಮಾಡಬಹುದಾಗಿದ್ದ ಕೆಲಸವಿದು. ಎಂ.ಫಿಲ್. ಪದವಿಯೇ ಈಗ ಇಲ್ಲವಾದ್ದರಿಂದ ಸ್ನಾತಕೋತ್ತರ ಕಿರುಪ್ರಬಂಧಕ್ಕಾದರೂ ಇದನ್ನು ಕೊಡಬಹುದು. ಅಂತರ್ಜಾಲದಲ್ಲಿ ಎಲ್ಲವೂ ಇದೆಯಲ್ಲ ಎನ್ನುವವರು ಅಲ್ಲಿ ಹಾಡಿಗೆ ವರ್ಷ, ಗಾಯಕರು, ಮೂಲ ಸುರುಳಿಯ ಹೆಸರುಗಳನ್ನು ಹುಡುಕಿ ನೋಡಲಿ. ಶಾಸನಕ್ಕೆ ಕಾಲ, ಸ್ಥಳಗಳನ್ನು ಕೇಳುವ ನಾವು ಇಲ್ಲಿ ಮಾತ್ರ ಏನೂ ಕೇಳದೆ ತೃಪ್ತರಾಗುವುದು ಸರಿಯಲ್ಲ.

ನಿಸಾರ್ ಅವರು 2006ರ ಡಿಸೆಂಬರಿನಲ್ಲಿ ಶಿವಮೊಗ್ಗದಲ್ಲಿ ನಡೆದ 73ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಅವರು ತೀರಿಕೊಂಡದ್ದು 2020ರ ಮೇ 3ರಂದು. ಲಾಕ್‌ಡೌನ್ ಕಾಲವಾದ್ದರಿಂದ ಸಂತಾಪಸಭೆ ಸೇರುವಂತಿರಲಿಲ್ಲ. ಅಂದು ಸಂಜೆ ನಮ್ಮ ಹಿಂದಿನ ಓಣಿಯ ಮನೆಯೊಂದರಿಂದ ಹಾಡು ಕೇಳಿಬಂತು. ನಿವೃತ್ತ ಕಾರ್ಮಿಕರೊಬ್ಬರ ಮನೆ. ಮೊಬೈಲಿನ ಹಾಡಲ್ಲ, ಹಳೆಯ ಟೇಪ್‌ರೆಕಾರ್ಡರಿನದು. ನಡುವೆ ಒಂದು ಕಡೆ ದನಿ ಎಳೆದಂತಾಗಿ ಮತ್ತೆ ಸರಿಹೋಯಿತು. ಕೆಲವು ತಿಂಗಳ ಬಳಿಕ ಆ ಕ್ಯಾಸೆಟ್ಟನ್ನು ನೋಡಲು ಕೇಳಿಕೊಂಡು ಹೋದೆ. ಮೂಲ ಹೊದಿಕೆ ಹರಿದುಹೋಗಿತ್ತು. ಅದರ ಜಾಗದಲ್ಲಿ ಹಾಕಿದ್ದ ನೋಟ್‌ಬುಕ್ಕಿನ ಹಾಳೆಯಲ್ಲಿ ನೀಲಿ ಶಾಯಿಯಿಂದ ಹಾಡುಗಳ ಪಟ್ಟಿಯನ್ನು ಬರೆದಿದ್ದರು. ಮೂರನೆಯ ಚರಣದ ಹತ್ತಿರ ಪಟ್ಟಿ ತುಂಡಾಗಿದ್ದುದನ್ನು ಅವರೇ ಅಂಟಿಸಿದ್ದರು. “ಅಲ್ಲಿ ಒಂದು ಮಾತು ಹೋಗಿದೆ ಸರ್, ನಾನು ಜೊತೆಗೆ ಹೇಳ್ಕೊಂಡು ಸರಿ ಮಾಡ್ಕೊಳ್ತೀನಿ” ಎಂದರು.