ನಿರ್ಲಾಂಛನ: ಒಂದು ಪದದ ಅರ್ಥ ಮತ್ತು ಹೊಣೆ

ಹೋರಿಯನ್ನು ಎತ್ತಾಗಿಸುವ ಕ್ರಿಯೆಯನ್ನು ನಮ್ಮ ಒಕ್ಕಲಿಗರು ‘ಬೀಜ ಒಡೆಯುವುದು’ ಎನ್ನುತ್ತಾರೆ. ಮಾತು ಒರಟಾಗಿ ಕೇಳಿಸಬಹುದು. ಆದರೆ ಅದರಲ್ಲಿ ವಂಚನೆಯಿಲ್ಲ. ಯಾರೋ ಒಡೆಯುತ್ತಾರೆ, ಏನೋ ಒಡೆಯುತ್ತದೆ ಎಂಬುದು ಅಲ್ಲಿ ಸ್ಪಷ್ಟ. ಶಿಷ್ಟ ಬರಹದಲ್ಲಿ ಇದೇ ಕ್ರಿಯೆ ‘ಷಂಡೀಕರಣ’, ‘ನಪುಂಸಕಗೊಳಿಸುವುದು’, ‘ಪುರುಷತ್ವಹರಣ’ ಎಂದಾಗುತ್ತದೆ. ಈ ಮೂರೂ ಪದಗಳು ಕ್ರಿಯೆಯನ್ನು ಮರೆಸಿ, ಅದಕ್ಕೆ ಒಳಗಾದ ಜೀವದ ಮೇಲೆ ಒಂದು ಹೆಸರನ್ನು ಹೊರಿಸುತ್ತವೆ. ಪ್ರಾಚೀನ ಗ್ರಂಥಗಳನ್ನು ಸಂಪಾದಿಸುವವರೂ ಅನುವಾದಿಸುವವರೂ ಈ ವ್ಯತ್ಯಾಸವನ್ನು ಗಮನಿಸಬೇಕೆಂಬುದು ನನ್ನ ನಿವೇದನೆ.

ಮೊದಲು ‘ಷಂಡ’ ಶಬ್ದವನ್ನೇ ನೋಡೋಣ. ಸಂಸ್ಕೃತದಲ್ಲಿ ಅಲ್ಪಪ್ರಾಣದ ‘ಷಂಡ’ಕ್ಕೆ ಸಮೂಹ, ಮರಗಳ ತೋಪು ಎಂಬ ಅರ್ಥಗಳಿವೆ, ‘ವನಷಂಡ’ ಎಂಬ ಸಮಾಸ ಕಾವ್ಯಾಭ್ಯಾಸಿಗಳಿಗೆ ಪರಿಚಿತವೇ. ಸ್ವೇಚ್ಛೆಯಾಗಿ ಬಿಟ್ಟ ಗೂಳಿ ಎಂಬ ಅರ್ಥವೂ ಅದಕ್ಕುಂಟು. ಹಿಂದಿಯಲ್ಲಿ ಗೂಳಿಯನ್ನು ‘ಸಾಂಡ್’ ಎನ್ನುವುದು ಈ ಮೂಲದಿಂದಲೇ. ಸಂತಾನಶಕ್ತಿಯಿಲ್ಲದವನನ್ನು ಹೇಳುವುದು ಮಹಾಪ್ರಾಣದ ‘ಷಂಢ’. ಹಸ್ತಪ್ರತಿಗಳಲ್ಲಿ ಈ ಎರಡು ರೂಪಗಳು ಆಗಾಗ ಬೆರೆತಿವೆ. ಕನ್ನಡದ ಉಚ್ಚಾರಣೆಯಲ್ಲಂತೂ ಮಹಾಪ್ರಾಣ ಬಹುಮಟ್ಟಿಗೆ ಉಳಿಯಲಿಲ್ಲ. ಫಲವಾಗಿ ಬೀಜದ ಹೋರಿಗೂ ಬೀಜವಿಲ್ಲದವನಿಗೂ ಸಲ್ಲುವ ವಿಚಿತ್ರ ಶಬ್ದವೊಂದು ಉಳಿಯಿತು. ಇಂದು ಅದು ಬಹುಮಟ್ಟಿಗೆ ಬೈಗುಳ ಮಾತ್ರ. ಬೈಗುಳವನ್ನು ಪಾರಿಭಾಷಿಕ ಪದವನ್ನಾಗಿ ಬಳಸುವುದು ಶಾಸ್ತ್ರಕ್ಕೆ ಶೋಭಿಸದು.

ಜೈನ ವಾಙ್ಮಯ ಈ ಕ್ರಿಯೆಗೆ ಬೇರೊಂದು ಹೆಸರನ್ನು ಇಟ್ಟಿದೆ: ಪ್ರಾಕೃತದ ‘ನಿಲ್ಲಂಛಣ’, ಸಂಸ್ಕೃತದ ‘ನಿರ್ಲಾಂಛನ’. ಅರ್ಧಮಾಗಧಿಯ ‘ಉವಾಸಗದಸಾಓ’ ಗ್ರಂಥದಲ್ಲಿ ಆನಂದ ಶ್ರಾವಕನ ವ್ರತಸ್ವೀಕಾರದ ಸಂದರ್ಭದಲ್ಲಿ ಹದಿನೈದು ಕರ್ಮಾದಾನಗಳ, ಎಂದರೆ ಶ್ರಾವಕನು ತ್ಯಜಿಸಬೇಕಾದ ವೃತ್ತಿಗಳ ಪಟ್ಟಿ ಬರುತ್ತದೆ. ಇದ್ದಿಲು ಸುಡುವುದು, ವಿಷದ ವ್ಯಾಪಾರ, ಕಾಡಿಗೆ ಬೆಂಕಿ ಹಚ್ಚುವುದು, ಕೆರೆ ಬತ್ತಿಸುವುದು ಮುಂತಾದವುಗಳ ಜೊತೆಗೆ ನಿರ್ಲಾಂಛನಕರ್ಮವೂ ಅಲ್ಲಿದೆ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ‘ಯೋಗಶಾಸ್ತ್ರ’ದಲ್ಲಿ ಇದರ ವ್ಯಾಪ್ತಿಯನ್ನು ವಿವರಿಸುತ್ತ ಮೂಗು ಚುಚ್ಚುವುದು, ಬರೆ ಹಾಕುವುದು, ವೃಷಣಚ್ಛೇದ, ಕಿವಿ ಮತ್ತು ಗಂಗೆದೊಗಲನ್ನು ಕತ್ತರಿಸುವುದು ಮೊದಲಾದವನ್ನು ಸೇರಿಸಿದ್ದಾರೆ. ದಿಗಂಬರ ಪರಂಪರೆಯಲ್ಲಿ ಹದಿಮೂರನೆಯ ಶತಮಾನದ ಆಶಾಧರರ ‘ಸಾಗಾರಧರ್ಮಾಮೃತ’ವೂ ಇಂಥ ವೃತ್ತಿಗಳನ್ನು ಖರಕರ್ಮಗಳೆಂದು ಪರಿಗಣಿಸುತ್ತದೆ. ಆದ್ದರಿಂದ ಈ ಪದವನ್ನು ಕೇವಲ ‘ಬೀಜ ಒಡೆಯುವುದು’ ಎಂದು ಅನುವಾದಿಸಿದರೆ ಅರ್ಥ ಸಂಕುಚಿತವಾಗುತ್ತದೆ. ಕೇವಲ ‘ಬರೆ ಹಾಕುವುದು’ ಎಂದರೆ ಮುಖ್ಯಾಂಶವೇ ಜಾರಿಹೋಗುತ್ತದೆ.

ಪದ ಜೈನರದು ಮಾತ್ರವಲ್ಲ. ಅಶೋಕನು ಪಟ್ಟಾಭಿಷಿಕ್ತನಾದ 26ನೆಯ ವರ್ಷದಲ್ಲಿ ಹೊರಡಿಸಿದ ಐದನೆಯ ಸ್ತಂಭಶಾಸನವು ಅಷ್ಟಮಿ, ಚತುರ್ದಶಿ ಮೊದಲಾದ ದಿನಗಳಲ್ಲಿ ಹೋರಿ, ಹೋತ, ಟಗರು, ಹಂದಿಗಳ ಬೀಜ ಒಡೆಯುವುದನ್ನು ನಿಷೇಧಿಸುತ್ತದೆ. ಅಲ್ಲಿ ಬಳಕೆಯಾದ ‘ನೀಲಖಿ-’ ಎಂಬ ಧಾತುರೂಪ ‘ಲಕ್ಷಣವನ್ನು ತೆಗೆ’ ಎಂಬರ್ಥದ್ದು. ಮುಂದಿನ ವಾಕ್ಯದಲ್ಲೇ ಕುದುರೆ, ದನಗಳಿಗೆ ‘ಲಖನ’ ಅಂದರೆ ಗುರುತು ಹಾಕುವುದರ ನಿಷೇಧವಿದೆ. ಗುರುತು ಹಾಕುವುದು, ಗುರುತು ಕಳೆಯುವುದು ಎರಡೂ ಪರರ ದೇಹದ ಮೇಲಿನ ಅಧಿಕಾರವೇ ಎಂಬುದನ್ನು ಶಾಸನದ ಭಾಷೆ ಅಕ್ಕಪಕ್ಕದಲ್ಲಿಟ್ಟು ತೋರಿಸುತ್ತದೆ. ಪಾಲಿಯ ‘ಥೇರೀಗಾಥಾ’ದಲ್ಲಿ ಇಸಿದಾಸಿಯು ತನ್ನ ಪೂರ್ವಜನ್ಮಗಳನ್ನು ಹೇಳುವಾಗ ಕೋತಿ, ಆಡು, ಕರುವಾಗಿ ಹುಟ್ಟಿ ನಿರ್ಲಾಂಛಿತಳಾದದ್ದನ್ನು ಹೇಳಿ, ಅನಂತರ ಹೆಣ್ಣೂ ಅಲ್ಲದ ಗಂಡೂ ಅಲ್ಲದ ಜನ್ಮವನ್ನು ಬೇರೆಯಾಗಿಯೇ ಎಣಿಸುತ್ತಾಳೆ. ಅಂಗಕ್ಕೆ ಆದ ಗಾಯ ಒಂದು, ಹುಟ್ಟಿನಿಂದ ಬಂದ ಸ್ಥಿತಿ ಇನ್ನೊಂದು.

ಈ ಭೇದವನ್ನು ಜೈನ ಕರ್ಮಸಿದ್ಧಾಂತ ಇನ್ನೂ ಖಚಿತಗೊಳಿಸುತ್ತದೆ. ಸ್ತ್ರೀವೇದ, ಪುಂವೇದ, ನಪುಂಸಕವೇದ ಎಂಬ ಮೂರು ನೋಕಷಾಯಗಳು ಮೋಹನೀಯ ಕರ್ಮದ ಉದಯದಿಂದ ಉಂಟಾಗುವ ಭಾವಗಳು. ದೇಹದ ಚಿಹ್ನೆ ದ್ರವ್ಯವೇದ, ಒಳಗಿನ ಕಾಮಪರಿಣಾಮ ಭಾವವೇದ. ಭಾವವೇದ ಕ್ಷಯವಾಗುವುದು ಒಂಬತ್ತನೆಯ ಗುಣಸ್ಥಾನದಲ್ಲಿ, ಆತ್ಮವಿಶುದ್ಧಿಯಿಂದಲೇ ಹೊರತು ಶಸ್ತ್ರದಿಂದಲ್ಲ. ಹೀಗಿರುವಾಗ ಅತ್ಯಾಚಾರದ ಶಿಕ್ಷೆಯ ಚರ್ಚೆಯಲ್ಲಿ ಪತ್ರಿಕೆಗಳು ಬಳಸುವ ‘ಪುರುಷತ್ವಹರಣ’ ಎಂಬ ಮಾತು ತಾತ್ತ್ವಿಕವಾಗಿಯೂ ದುರ್ಬಲ. ಅದು ಪುರುಷತ್ವವನ್ನು ಅಂಗದಲ್ಲಿ ನೆಲೆಗೊಳಿಸುತ್ತದೆ; ಹಿಂಸೆಯ ಮೂಲವನ್ನೂ ಅಲ್ಲಿಯೇ ಹುಡುಕುತ್ತದೆ. 2013ರಲ್ಲಿ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಸಮಿತಿ ರಾಸಾಯನಿಕ ಕ್ರಮದ ಇಂಥ ಶಿಕ್ಷೆಯನ್ನು ಒಪ್ಪಲಿಲ್ಲವೆಂಬುದು ಸ್ಮರಣೀಯ.

ಇಲ್ಲೊಂದು ಆಕ್ಷೇಪಣೆ ಸಹಜ: ಎತ್ತಿಲ್ಲದೆ ಉಳುಮೆ ಎಲ್ಲಿತ್ತು? ಬೆಳಗಾವಿ, ಕೊಲ್ಲಾಪುರ ಸೀಮೆಯ ಜೈನರಲ್ಲಿ ಬಹುಪಾಲು ಕೃಷಿಕರಲ್ಲವೆ? ಕೃತ, ಕಾರಿತ, ಅನುಮತ ಎಂಬ ಮೂರು ದ್ವಾರಗಳನ್ನು ಒಪ್ಪುವವರು ಈ ಪ್ರಶ್ನೆಯಿಂದ ಸುಲಭವಾಗಿ ಪಾರಾಗುವಂತಿಲ್ಲ. ಕೃಷಿಯನ್ನು ಕಲಿಸಿದ ಆದಿತೀರ್ಥಂಕರನ ಹೆಸರು ವೃಷಭ, ಅವನ ಲಾಂಛನವೂ ವೃಷಭವೇ. ‘ವೃಷಭ’, ‘ವೃಷಣ’ಗಳೆರಡೂ ಮಳೆಗರೆಯುವ, ಸೇಚಿಸುವ ‘ವೃಷ್’ ಧಾತುವಿನಿಂದ ಬಂದವು. ಲಾಂಛನವಾಗಿ ಪೂಜೆಗೊಳ್ಳುವ ಪ್ರಾಣಿಯನ್ನೇ ಹೊಲದಲ್ಲಿ ನಿರ್ಲಾಂಛನಗೊಳಿಸುವ ವೈರುಧ್ಯವನ್ನು ಪರಂಪರೆ ಪರಿಹರಿಸಲಿಲ್ಲ, ನಿಜ. ಆದರೆ ಆ ಕ್ರಿಯೆಯನ್ನು ದೋಷಗಳ ಪಟ್ಟಿಯಲ್ಲಿಟ್ಟು ನೆನಪಿನಲ್ಲಿ ಉಳಿಸಿತು. 1960ರ ಪ್ರಾಣಿಹಿಂಸಾ ನಿವಾರಣಾ ಅಧಿನಿಯಮವಾದರೋ ಬೀಜ ಒಡೆಯುವುದು, ಬರೆ ಹಾಕುವುದು, ಮೂಗುದಾರ ಪೋಣಿಸುವುದು ಇವು ನಿಯತ ಕ್ರಮದಲ್ಲಿ ನಡೆದರೆ ಕ್ರೌರ್ಯದ ವ್ಯಾಖ್ಯೆಯಿಂದ ಹೊರಗೆಂದಿತು. ಹೇಮಚಂದ್ರರು ಒಂದೇ ಹೆಸರಿನಡಿ ಸೇರಿಸಿ ನಿಷೇಧಿಸಿದ ಮೂರನ್ನೂ ಆಧುನಿಕ ಶಾಸನ ಒಂದೇ ಉಪಬಂಧದಲ್ಲಿ ಸೇರಿಸಿ ವಿನಾಯಿತಿಗೊಳಿಸಿದೆ!

ವ್ಯವಹಾರದ ಅನಿವಾರ್ಯತೆ ಏನೇ ಇರಲಿ, ಭಾಷೆ ಸತ್ಯವನ್ನು ಹೇಳಬೇಕು. ಗ್ರಂಥಸಂಪಾದನೆಯಲ್ಲಿ ‘ನಿರ್ಲಾಂಛನ’ವನ್ನು ಹಾಗೆಯೇ ಉಳಿಸಿ ಟಿಪ್ಪಣಿಯಲ್ಲಿ ವಿವರಿಸೋಣ; ‘ನಪುಂಸಕ’ವನ್ನು ವ್ಯಾಕರಣಕ್ಕೂ ಕರ್ಮಶಾಸ್ತ್ರಕ್ಕೂ ಬಿಡೋಣ; ಆಡುಮಾತಿನಲ್ಲಿ ‘ಬೀಜ ಒಡೆಯುವುದು’ ಎನ್ನಲು ಸಂಕೋಚ ಬೇಡ. ಗಾಯ ಮಾಡಿದವನ ಕೈಯನ್ನು ತೋರಿಸುವ ಪದಗಳು ನಮ್ಮಲ್ಲಿರುವಾಗ, ಗಾಯಗೊಂಡ ಜೀವವನ್ನು ಹಳಿಯುವ ಪದಗಳು ಯಾಕೆ?