ಕಾಫಿಯ ಮೇಲೇಕೆ ಗೂಬೆ?

ನಮ್ಮವರಲ್ಲಿ ಈಗ ಎರಡು ಪಕ್ಷಗಳಾಗಿವೆ. ಮನೆಯ ಹಿರಿಯರ ರಕ್ತದಲ್ಲಿ ಸಕ್ಕರೆ ಹೆಚ್ಚಿದೆಯೆಂದು ಡಾಕ್ಟರು ಹೇಳಿದ ದಿನವೇ ಫಿಲ್ಟರನ್ನು ಅಟ್ಟಕ್ಕೇರಿಸಿ, "ಎಲ್ಲ ಈ ಹಾಳು ಕಾಫಿಯಿಂದಲೇ" ಎಂದು ತೀರ್ಪು ಕೊಡುವವರದು ಒಂದು ಪಕ್ಷ. "ಕಾಫಿ ಕುಡಿದರೆ ಮಧುಮೇಹ ಬರುವುದಿಲ್ಲವಂತೆ" ಎಂಬ ಪತ್ರಿಕೆಯ ತುಣುಕನ್ನು ಜೇಬಿನಲ್ಲಿಟ್ಟುಕೊಂಡು ಮತ್ತೊಂದು ಲೋಟಕ್ಕೆ ಕೈ ಚಾಚುವವರದು ಇನ್ನೊಂದು. ಇಬ್ಬರ ಮೇಲೂ ನಮ್ಮ ತಕರಾರಿದೆ. ಇವರ ವಾದವಿವಾದದ ನಡುವೆ ದೊಡ್ಡ ಅಪರಾಧಿಯು ಲೋಟದ ತಳದಲ್ಲಿ ಕರಗಿ ಕುಳಿತು ನಗುತ್ತಿದೆ. ಅದರ ಹೆಸರು ಸಕ್ಕರೆ.

ಮೊದಲು ತುಣುಕಿನವರ ವಿಚಾರ. ಅವರು ಹೇಳುವುದು ಪೂರ್ತಿ ಸುಳ್ಳಲ್ಲ. 2002ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಹಾಲೆಂಡಿನ ಸುಮಾರು 17,000 ಜನರ ಅಧ್ಯಯನವೊಂದು ಪ್ರಕಟವಾಯಿತು. ದಿನಕ್ಕೆ ಏಳು ಕಪ್ಪು ಅಥವಾ ಹೆಚ್ಚು ಕಾಫಿ ಕುಡಿಯುತ್ತಿದ್ದವರಲ್ಲಿ, ಎರಡು ಅಥವಾ ಕಡಿಮೆ ಕುಡಿಯುತ್ತಿದ್ದವರಿಗಿಂತ, ಎರಡನೆಯ ಬಗೆಯ ಮಧುಮೇಹದ ಸಂಭವ ಸುಮಾರು ಅರ್ಧದಷ್ಟಿತ್ತು. 2014ರಲ್ಲಿ ಇಂತಹ 28 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಫಲ ಅದೇ ದಿಕ್ಕಿನಲ್ಲಿತ್ತು. ಆದರೆ ತುಣುಕಿನವರು ಓದದೆ ಬಿಟ್ಟ ಭಾಗವೂ ಇದೆ. ಇದು ರೋಗ ಇಲ್ಲದವರನ್ನು ವರ್ಷಗಟ್ಟಲೆ ಗಮನಿಸಿ ಬರೆದಿಟ್ಟ ಲೆಕ್ಕ. ರೋಗ ಬಂದವರಿಗೆ ಬರೆದುಕೊಟ್ಟ ಔಷಧಿಯ ಚೀಟಿಯಲ್ಲ. ಕೆಫೀನು ತೆಗೆದ ಕಾಫಿ ಕುಡಿದವರಲ್ಲೂ ಇಂತಹ ಫಲವೇ ಕಂಡಿತು. ಅಂದಮೇಲೆ, ಗುಣವೇನಾದರೂ ಇದ್ದರೆ ಅದು ಕಾಫಿಬೀಜದಲ್ಲಿರುವ ಕ್ಲೋರೋಜೆನಿಕ್ ಆಮ್ಲದಂತಹ ಇತರ ವಸ್ತುಗಳದ್ದಾಗಿರಬಹುದು, ಕೆಫೀನಿನದೆಂದು ಹೇಳುವಂತಿಲ್ಲ.

ಕೆಫೀನಿನ ಕಥೆ ಬೇರೆಯೇ ಇದೆ. 2004ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಕಾಫಿಯ ಅಭ್ಯಾಸವಿದ್ದ 14 ಮಧುಮೇಹಿಗಳಿಗೆ ಕೆಫೀನು ಕೊಟ್ಟು ಪರೀಕ್ಷಿಸಿದರು. ಬರಿಹೊಟ್ಟೆಯ ಸಕ್ಕರೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಊಟದ ನಂತರದ ಏರಿಕೆ ಮಾತ್ರ ಶೇಕಡಾ 21ರಷ್ಟು ಹೆಚ್ಚಾಯಿತು. ಕೆಫೀನು ಮೈಯಲ್ಲಿ ಅಡ್ರಿನಲಿನ್ ಹೆಚ್ಚಿಸುತ್ತದೆ. ಇನ್ಸುಲಿನ್ನಿನ ಕೆಲಸ ತುಸು ಮಂದವಾಗುತ್ತದೆ. ಇದು ಎಲ್ಲರಲ್ಲೂ ಒಂದೇ ಪ್ರಮಾಣದಲ್ಲಿ ಆಗುವುದಿಲ್ಲ. ಆದುದರಿಂದ ಮಧುಮೇಹಿಗಳು ಪಕ್ಕದ ಮನೆಯವರ ಮಾತಿಗಿಂತ ತಮ್ಮ ಬೆರಳ ತುದಿಯ ಹನಿ ರಕ್ತವನ್ನು ನಂಬುವುದು ಲೇಸು. ತಿಂಡಿಗೆ ಮುಂಚೆ ಒಮ್ಮೆ, ಎರಡು ಗಂಟೆಯ ನಂತರ ಒಮ್ಮೆ ಅಳೆಯಿರಿ. ಕಾಫಿ ಕುಡಿದ ದಿನವನ್ನೂ ಬಿಟ್ಟ ದಿನವನ್ನೂ ಹೋಲಿಸಿ, ಆ ಅಂಕಿಗಳನ್ನು ಡಾಕ್ಟರಿಗೆ ತೋರಿಸಿ.

ಇನ್ನು ಫಿಲ್ಟರನ್ನು ಅಟ್ಟಕ್ಕೇರಿಸಿದವರಿಗೆ ಒಂದು ಸಣ್ಣ ಲೆಕ್ಕ. ಲೋಟಕ್ಕೆ ಎರಡು ಚಹಾ ಚಮಚೆ ಸಕ್ಕರೆಯೆಂದರೆ ಎಂಟರಿಂದ ಹತ್ತು ಗ್ರಾಂ. ದಿನಕ್ಕೆ ನಾಲ್ಕು ಲೋಟವಾದರೆ 32ರಿಂದ 40 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ, ದಿನಕ್ಕೆ ಸುಮಾರು 25 ಗ್ರಾಮಿನೊಳಗೆ ಇದ್ದರೆ ಇನ್ನೂ ಒಳ್ಳೆಯದು ಎಂದು ಹೇಳಿತು. ಕೇಸರಿಬಾತು ಬಾಯಿಗೆ ಹೋಗುವ ಮೊದಲೇ ನಮ್ಮ ದಿನದ ಪಾಲು ಮುಗಿದು ಸಾಲವಾಗಿರುತ್ತದೆ! ಕಾಫಿ ಬಿಟ್ಟು ಅಷ್ಟೇ ಸಕ್ಕರೆಯ ಚಹಾ ಹಿಡಿದವರು ಏನನ್ನು ಬಿಟ್ಟಂತಾಯಿತು? "ನಾವು ಬೆಲ್ಲ ಹಾಕುತ್ತೇವೆ" ಎನ್ನುವವರಿಗೂ ವಿನಾಯಿತಿಯಿಲ್ಲ. ರಕ್ತಕ್ಕೆ ಸೇರಿದ ಮೇಲೆ ಬೆಲ್ಲವೂ ಸಕ್ಕರೆಯೇ. ಚಿಕೋರಿಯನ್ನು ದೂರುವುದೂ ವ್ಯರ್ಥ. ಅದರಲ್ಲಿ ಕೆಫೀನೇ ಇಲ್ಲ.

ಇದನ್ನೆಲ್ಲ ಸಂಘದ ಪತ್ರಿಕೆಯಲ್ಲಿ ಏಕೆ ಬರೆಯಬೇಕು ಎಂದು ಕೇಳಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ, ದೇಶದಲ್ಲಿ ಹತ್ತು ಕೋಟಿಗೂ ಮೀರಿ ಮಧುಮೇಹಿಗಳಿದ್ದಾರೆ. ಹಳ್ಳಿಗಿಂತ ಪಟ್ಟಣದಲ್ಲಿ ಈ ರೋಗ ಹೆಚ್ಚು. ನಾವು ಮುಂಬಯಿಯವರು, ಪಟ್ಟಣಗಳಲ್ಲೇ ದೊಡ್ಡ ಪಟ್ಟಣದವರು. ಹೀಗಿದ್ದೂ ನಮ್ಮ ಸಮಾರಂಭಗಳಲ್ಲಿ ಕಾಫಿಯ ಡ್ರಮ್ಮಿಗೆ ಮೊದಲೇ ಸಕ್ಕರೆ ಸುರಿದು ಕಲಸಿ ತರುತ್ತಾರೆ. ಸಕ್ಕರೆ ಬೇಡದವರು ಅಡಿಗೆಯವರನ್ನು ಹುಡುಕಿಕೊಂಡು ಹೋಗಬೇಕು, ಹೋದರೆ ಸಾಲಿನಲ್ಲಿರುವವರೆಲ್ಲ ಕೇಳುವಂತೆ "ಓಹೋ, ನಿಮಗೂ ಬಂತೇ?" ಎಂಬ ಉಪಚಾರ ಬೇರೆ. ಈ ಮುಜುಗರಕ್ಕೆ ಅಂಜಿ ಎಷ್ಟೋ ಹಿರಿಯರು ಸುಮ್ಮನೆ ಕುಡಿದು ಮನೆಗೆ ಹೋಗುತ್ತಾರೆ. ಇದು ಅತಿಥಿಸತ್ಕಾರವೇ?

"ಅಪರೂಪಕ್ಕೊಮ್ಮೆ ತಾನೇ" ಎನ್ನುತ್ತಾರೆ. ಯುಗಾದಿ, ಗಣೇಶ, ರಾಜ್ಯೋತ್ಸವ, ನಾಟಕ, ಮದುವೆ, ಗೃಹಪ್ರವೇಶ ಇವನ್ನು ಕೂಡಿಸಿ ನೋಡಲಿ. "ಸಕ್ಕರೆಯಿಲ್ಲದ ಕಾಫಿ ಕೊಡುವುದು ಅಮಂಗಳ" ಎನ್ನುವವರೂ ಇದ್ದಾರೆ. ಯಾರೂ ಸಕ್ಕರೆಯನ್ನು ಬಹಿಷ್ಕರಿಸಿ ಎನ್ನುತ್ತಿಲ್ಲ. ದೇಶದ ಕಾಫಿಯಲ್ಲಿ ಶೇಕಡಾ 70ರಷ್ಟನ್ನು ಬೆಳೆಯುವ ನಾಡಿನವರು ನಾವು. ಒಳ್ಳೆಯ ಡಿಕಾಕ್ಷನ್ನಿನ ರುಚಿ ಸಕ್ಕರೆಯಲ್ಲಿ ಮುಳುಗಿಸಬೇಕಾದಷ್ಟು ಕೆಟ್ಟದ್ದೇ?

ನಮ್ಮ ಬೇಡಿಕೆ ಸಣ್ಣದು, ಖರ್ಚಿಲ್ಲದ್ದು. ಸಂಘದ ಮುಂದಿನ ಸಮಾರಂಭದಿಂದಲೇ ಡ್ರಮ್ಮಿಗೆ ಸಕ್ಕರೆ ಬೀಳಬಾರದು. ಪಕ್ಕದಲ್ಲಿ ಒಂದು ಬಟ್ಟಲು, ಒಂದು ಚಿಕ್ಕ ಚಮಚೆ ಇರಲಿ. ಬೇಕಾದವರು ಬೇಕಾದಷ್ಟು ಹಾಕಿಕೊಳ್ಳಲಿ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು, ರಕ್ತದ ಸಕ್ಕರೆ ದಿಢೀರನೆ ಇಳಿದು ಬೆವರುವವರಿಗೂ ಅದೇ ಬಟ್ಟಲು ತಕ್ಷಣ ಕೈಗೆ ಸಿಗುತ್ತದೆ. ಲೋಟಕ್ಕೆ ಸಕ್ಕರೆ ಹಾಕಿಕೊಳ್ಳುವುದು ಸುಲಭ. ಒಮ್ಮೆ ಕರಗಿದ್ದನ್ನು ತೆಗೆಯಲು ಯಾವ ಕಾರ್ಯಕಾರಿ ಸಮಿತಿಯಿಂದಲೂ ಸಾಧ್ಯವಿಲ್ಲ.