‘ಸೇವಕ’ ಎಂಬ ಪದದ ಮರೆಯಲ್ಲಿ

ದುಡಿಮೆಯನ್ನು ಪೂರ್ತಿಯಾಗಿ ಪಡೆದು, ದುಡಿದವನ ಹಕ್ಕನ್ನು ಮಾತ್ರ ನಿರಾಕರಿಸಬೇಕಾದರೆ ಒಂದು ಸುಲಭೋಪಾಯವಿದೆ. ಆತನನ್ನು ನೌಕರನೆನ್ನದೆ ಸೇವಕನೆಂದು ಕರೆದರಾಯಿತು. ನಮ್ಮ ಅಂಚೆ ಇಲಾಖೆ ಈ ಉಪಾಯವನ್ನು ಬಹಳ ಕಾಲದಿಂದ ಅನುಸರಿಸುತ್ತಾ ಬಂದಿದೆ.

ದೇಶದ ಹಳ್ಳಿಗಳಲ್ಲಿ ಸುಮಾರು 1.3 ಲಕ್ಷ ಶಾಖಾ ಅಂಚೆ ಕಚೇರಿಗಳಿವೆ. ಇವುಗಳನ್ನು ನಡೆಸುವವರು ಗ್ರಾಮೀಣ ಡಾಕ್ ಸೇವಕರು. ಮೊದಲು ಇವರನ್ನು ‘ಇಲಾಖೇತರ’ ನೌಕರರೆಂದು ಕರೆಯಲಾಗುತ್ತಿತ್ತು. 2001ರ ನಿಯಮಗಳು ಹೆಸರನ್ನು ಬದಲಿಸಿದವು. ಸ್ಥಿತಿ ಬದಲಾಗಲಿಲ್ಲ. ಎರಡೂವರೆ ಲಕ್ಷಕ್ಕೂ ಅಧಿಕವಿರುವ ಈ ಜನರು ಕೇಂದ್ರ ನಾಗರಿಕ ಸೇವೆಯ ಹೊರಗಿನವರು, ಇಲಾಖಾ ನೌಕರರಿಗೆ ಸಮಾನರಲ್ಲ ಎಂಬುದೇ ಇಂದಿಗೂ ಇಲಾಖೆಯ ನಿಯಮ. ಅವರಿಗೆ ದೊರೆಯುವ ಹಣವನ್ನು ಸಂಬಳವೆನ್ನುವುದಿಲ್ಲ, ‘ಭತ್ಯೆ’ ಎನ್ನುತ್ತಾರೆ. ಈ ಆದಾಯವನ್ನೇ ನಂಬದೆ ಬದುಕಲು ಬೇರೆ ಜೀವನೋಪಾಯ ಇರಬೇಕೆಂಬ ಷರತ್ತೂ ಇದೆ. ಶಾಖಾ ಕಚೇರಿಗೆ ಜಾಗ ಒದಗಿಸುವ ಹೊಣೆಯೂ ಶಾಖಾ ಅಂಚೆಪಾಲಕರದ್ದೇ. ತನ್ನ ಕಚೇರಿಗೆ ತಾನೇ ನೆರಳು ಹುಡುಕಬೇಕಾದ ಸರಕಾರಿ ಕೆಲಸಗಾರನನ್ನು ಬೇರೆಲ್ಲಾದರೂ ಕಂಡಿದ್ದೀರಾ?

ನ್ಯಾಯಾಲಯ ಈ ಬಗ್ಗೆ ಮಾತನಾಡಿಲ್ಲವೆಂದಲ್ಲ. ಇಲಾಖೇತರ ನೌಕರರು ಸರಕಾರದ ಅಧೀನದಲ್ಲಿ ನಾಗರಿಕ ಹುದ್ದೆಯನ್ನು ಹೊಂದಿದವರು, ಸಂವಿಧಾನದ 311ನೇ ವಿಧಿಯ ರಕ್ಷಣೆಗೆ ಅರ್ಹರು ಎಂದು ಸುಪ್ರೀಂ ಕೋರ್ಟು 1977ರಲ್ಲಿಯೇ ರಾಜಮ್ಮ ಪ್ರಕರಣದಲ್ಲಿ ತೀರ್ಪಿತ್ತಿತು. ಆದರೆ ಹುದ್ದೆಯಿದೆಯೆಂದು ಒಪ್ಪಿಕೊಂಡರೂ ಹುದ್ದೆಯ ಸೌಲಭ್ಯಗಳು ದೊರೆಯಲಿಲ್ಲ. ಡಾಕ್ ಸೇವಕನಾಗಿ ಸಲ್ಲಿಸಿದ ಸೇವೆಯನ್ನು, ಆತ ಮುಂದೆ ಖಾಯಂ ನೌಕರನಾದರೂ, ಪಿಂಚಣಿಗೆ ಲೆಕ್ಕ ಹಿಡಿಯುವಂತಿಲ್ಲವೆಂದು ಅದೇ ಸುಪ್ರೀಂ ಕೋರ್ಟು 2019ರ ನವೆಂಬರಿನಲ್ಲಿ ಹೇಳಿತು. ಯೌವನವಿಡೀ ಹಳ್ಳಿಯ ದಾರಿ ಸವೆಸಿದವನ ಆ ವರ್ಷಗಳು ಎಲ್ಲಿಗೆ ಹೋದವು?

ವೇತನ ಆಯೋಗಗಳು ಬಂದಾಗಲೆಲ್ಲ ಇವರನ್ನು ಬಾಗಿಲ ಹೊರಗೆ ನಿಲ್ಲಿಸಿ ಪ್ರತ್ಯೇಕ ಸಮಿತಿಯೊಂದಕ್ಕೆ ಒಪ್ಪಿಸುವುದು ವಾಡಿಕೆಯಾಗಿದೆ. ನ್ಯಾಯಮೂರ್ತಿ ತಲ್ವಾರ್ ಸಮಿತಿ 1997ರಲ್ಲಿ, ಕಮಲೇಶ್ ಚಂದ್ರ ಸಮಿತಿ 2016ರಲ್ಲಿ ವರದಿ ಕೊಟ್ಟವು. ಎರಡನೆಯ ವರದಿಯೂ ಕಪಾಟಿನಲ್ಲಿಯೇ ಉಳಿದಾಗ 2018ರ ಮೇ 22ರಿಂದ ಡಾಕ್ ಸೇವಕರು ಕೆಲಸ ನಿಲ್ಲಿಸಿದರು. ಎರಡು ವಾರಗಳ ಮುಷ್ಕರದ ಬಳಿಕವೇ ಸಂಪುಟ ಕಣ್ತೆರೆಯಿತು. ಆಗ ನಿಗದಿಯಾದ ಕನಿಷ್ಠ ಮಾಸಿಕ ಭತ್ಯೆ, ನಾಲ್ಕು ಗಂಟೆಯ ಕೆಲಸಕ್ಕೆ ಶಾಖಾ ಅಂಚೆಪಾಲಕರಿಗೆ 12,000, ಉಳಿದವರಿಗೆ 10,000 ರೂಪಾಯಿ. ತುಟ್ಟಿಭತ್ಯೆ ಪ್ರತ್ಯೇಕ.

ನಾಲ್ಕೈದು ಗಂಟೆಯ ಕೆಲಸವಷ್ಟೇ ಎಂಬುದು ಇಲಾಖೆಯ ವಾದ. ಇದು ಕಾಗದದ ಲೆಕ್ಕ. ಇಂದು ಡಾಕ್ ಸೇವಕರು ಪತ್ರ ಹಂಚುವುದರ ಜೊತೆಗೆ ಉಳಿತಾಯ ಖಾತೆ ತೆರೆಯಬೇಕು, ಗ್ರಾಮೀಣ ಅಂಚೆ ಜೀವವಿಮೆ ಮಾರಬೇಕು, 2018ರಲ್ಲಿ ಆರಂಭವಾದ ಅಂಚೆ ಪೇಮೆಂಟ್ಸ್ ಬ್ಯಾಂಕಿನ ಕೆಲಸಕ್ಕಾಗಿ ಮನೆ ಮನೆಗೆ ಹೋಗಿ ಬೆರಳಚ್ಚು ಪಡೆದು ಹಣ ಕೊಡಬೇಕು. ಗುರಿ ತಲುಪದಿದ್ದರೆ ಮೇಲಧಿಕಾರಿಯ ಗದರಿಕೆ. ಪೂರ್ಣಕಾಲದ ಹೊಣೆ ಹೊರಿಸುವಾಗ ಆತ ಇಲಾಖೆಯ ಪ್ರತಿನಿಧಿ, ಪಿಂಚಣಿ ಕೇಳಿದಾಗ ಹೊರಗಿನವ! ಊರಿನಲ್ಲಿರುವ ನಮ್ಮ ವೃದ್ಧ ತಂದೆತಾಯಿಯರ ಪಿಂಚಣಿ ಹಣ ಕೈಗೆ ತಲುಪುವುದು ಈ ಹೊರಗಿನವನಿಂದ ಎಂಬುದನ್ನು ಪಟ್ಟಣವಾಸಿಗಳಾದ ನಾವು ಮರೆಯಬಾರದು.

ಕೆಲಸಗಾರನ ಕೂಲಿಯನ್ನು ತಡೆಹಿಡಿಯುವುದು ಘೋರ ಅನ್ಯಾಯವೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಈ ಮಾತನ್ನು ಸರಕಾರದ ಮುಂದಿಡುವ ಮೊದಲು ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ಐದು ಹೊತ್ತು ಅದಾನ್ ಕೊಡುವ ಮುಅದ್ದಿನ್, ನಮ್ಮ ಮಕ್ಕಳಿಗೆ ಅಕ್ಷರ ಕಲಿಸುವ ಮದ್ರಸದ ಉಸ್ತಾದ್ ಹೆಚ್ಚಿನ ಸಂಬಳ ಕೇಳಿದರೆ ಎಷ್ಟೋ ಮಸೀದಿ ಕಮಿಟಿಗಳು ಕೊಡುವ ಉತ್ತರವೇನು? ‘ಇದು ಖಿದ್ಮತ್, ಪ್ರತಿಫಲ ಅಲ್ಲಾಹನಲ್ಲಿದೆ’ ಎಂದಲ್ಲವೇ? ಅಲ್ಲಾಹನ ಪ್ರತಿಫಲ ನಿಶ್ಚಿತ. ಆದರೆ ಅದನ್ನು ತೋರಿಸಿ ತಮ್ಮ ಬಾಕಿಯನ್ನು ಉಳಿಸಿಕೊಳ್ಳುವ ಅಧಿಕಾರವನ್ನು ಕಮಿಟಿಗೆ ಕೊಟ್ಟವರಾರು? ದಿಲ್ಲಿಯ ‘ಸೇವಕ’ನಿಗೂ ನಮ್ಮ ಮೊಹಲ್ಲಾದ ‘ಖಾದಿಮ್’ಗೂ ಆಗುತ್ತಿರುವ ವಂಚನೆ ಒಂದೇ ಬಗೆಯದು.

ಆದ್ದರಿಂದ ಡಾಕ್ ಸೇವಕರ ಬೇಡಿಕೆಯನ್ನು ಯಾವುದೋ ಸಂಘಟನೆಯ ಗದ್ದಲವೆಂದು ಕಡೆಗಣಿಸುವುದು ಸಲ್ಲದು. ಸರಕಾರ 2025ರಲ್ಲಿ 8ನೇ ವೇತನ ಆಯೋಗವನ್ನು ಪ್ರಕಟಿಸಿದೆ. ಇವರನ್ನು ಮತ್ತೊಂದು ಸಮಿತಿಯ ಕಡೆಗೆ ಅಟ್ಟದೆ ಇಲಾಖೆಯ ನೌಕರರೆಂದು ಅಂಗೀಕರಿಸಿ, ಸಲ್ಲಿಸಿದ ಅಷ್ಟೂ ವರ್ಷಗಳನ್ನು ಪಿಂಚಣಿಗೆ ಪರಿಗಣಿಸಲಿ. ನಮ್ಮ ಸಂಸದರನ್ನು ಕಂಡಾಗ ಸಮುದಾಯದ ನಾಯಕರು ಈ ಪ್ರಶ್ನೆಯನ್ನೂ ಎತ್ತಲಿ. ಹತ್ತನೇ ತರಗತಿಯ ಅಂಕಗಳ ಆಧಾರದಲ್ಲಿ, ಸಂದರ್ಶನವಿಲ್ಲದೆ ಆಯ್ಕೆ ನಡೆಯುವ ಈ ಕೆಲಸಕ್ಕೆ ನಮ್ಮ ಯುವಕ ಯುವತಿಯರೂ ಅರ್ಜಿ ಹಾಕಲಿ, ಹಾಕಿದ ಮೇಲೆ ಹಕ್ಕಿನ ಹೋರಾಟದಲ್ಲಿ ಹಿಂದೆ ನಿಲ್ಲದಿರಲಿ. ಮುಂದಿನ ಕಮಿಟಿ ಸಭೆಯಲ್ಲಿ ಉಸ್ತಾದರ ಸಂಬಳದ ವಿಷಯ ಮೊದಲು ಚರ್ಚೆಗೆ ಬರಲಿ.